ನಮ್ಮ ಎರಿ ನೆಲ, ನಮ್ಮ ಬಿಸಿಲು: ಕಡಿಮಿ ದುಡ್ಡಿನ ಸಮುದಾಯ ಮನಿಗಳಿಗೆ ಯಾವ ಹಸಿರು ಕೆಲಸ ಮೊದಲು?

ಎರಿಹೊಲ · ರಾಯಚೂರು

ಎಲ್ಲರಿಗೂ ನಮಸ್ಕಾರ್ರಿ. ರಾಯಚೂರು ಊರ ಹೊರಗ ನಾವೊಂದಿಷ್ಟು ಕುಟುಂಬ ಕೂಡಿ ಒಂದ ಕಡೆ ಮನಿ ಕಟ್ಟಿಸ್ಕೊಳ್ಳಾಕ ಹೊಂಟೀವಿ. ಹಮಾಲರು, ಆಟೋದವರು, ಅಂಗನವಾಡಿ ಅಕ್ಕಂದಿರು, ಹೊಲಿಗಿ ಕೆಲಸದವರು. ಜಾಗ ಒಬ್ಬೊಬ್ಬರಿಗೆ 20 ಅಡಿ 30 ಅಡಿ. ಒಳಗ ಒಂದು ಪಡಸಾಲಿ, ಒಂದು ಕೋಣಿ, ಅಡಗಿಮನಿ, ಬಚ್ಚಲ. ಪಿಎಂಎವೈ (ಪ್ರಧಾನಮಂತ್ರಿ ಆವಾಸ್ ಯೋಜನೆ) ಲೆಕ್ಕದ 30 ಚದರ ಮೀಟರ್ ಕಾರ್ಪೆಟ್ ಏರಿಯಾದಾಗ ಎಲ್ಲಾ ಕೂಡಬೇಕು. ಸಹಾಯಧನ, ಬ್ಯಾಂಕಿನ ಸಾಲ, ಕೈಯಿಂದ ಹಾಕೋದು ಎಲ್ಲಾ ಹೊಂದಿಸಿದ ಮ್ಯಾಲೆ ಮನಿಗೆ 40 ಸಾವಿರ ರೂಪಾಯಿ ಹಸಿರು ಕೆಲಸಕ್ಕ ಅಂತ ತೆಗೆದಿಡೋಣ ಅಂತ ಮಾತಾಗ್ಯಾದ.

ಜಗಳ ಈಗ ಶುರುವಾಗ್ಯಾದ. ಒಬ್ಬರು ಸೋಲಾರ್ ವಾಟರ್ ಹೀಟರ್ ಅಂತಾರ. ಒಬ್ಬರು ಮಾಳಿಗಿ ಮ್ಯಾಲೆ ಪ್ಯಾನೆಲ್ ಹಾಕಿದ್ರ ಬಿಲ್ ಸೊನ್ನಿ ಅಂತಾರ. ಹುಡುಗರು ಮೊಬೈಲ್‌ನಾಗ ನೋಡ್ಕೊಂಡು ಬಂದು ಗ್ವಾಡಿ ತುಂಬ ಬಳ್ಳಿ ಹಬ್ಬಿಸೋಣ ಅಂತಾರ. ಹಿರಿಯರು "ಮಣ್ಣಿನ ಮಾಳಿಗಿಯ ಹಳೇ ಮೇಲ್ಮುದ್ದಿ ಮನಿ ತಂಪಿದ್ದಂಗ ಯಾವ ಮನೀನೂ ಇರಂಗಿಲ್ಲ, ಅದನ್ನ ಕಟ್ಟಿಸ್ರಿ" ಅಂತಾರ. ಇಂಜಿನಿಯರ್ ಒಬ್ಬರು ಬಂದು ಎಎಸಿ ಬ್ಲಾಕ್ (ಒಳಗ ಗಾಳಿ ಗುಳ್ಳಿ ಇರೋ ಹಗುರ ಸಿಮೆಂಟ್ ಇಟ್ಟಂಗಿ) ಅಂದು ಹೋದ್ರು. ಎಲ್ಲಾ ಮಾಡೋ ತಾಕತ್ತು ನಮಗಿಲ್ಲ. ಮೊದಲು ಯಾವುದು, ಆಮ್ಯಾಲೆ ಯಾವುದು, ಯಾವುದು ಬ್ಯಾಡವೇ ಬ್ಯಾಡ, ಇಷ್ಟು ಹೇಳ್ರಿ. ನೆಲ ಪೂರಾ ಎರಿ.

ಗೌಂಡಿ · ಮಾನ್ವಿ

ಸರ ನಮಸ್ಕಾರ್ರಿ. ಕಡೀ ಸಾಲಿನಾಗ "ನೆಲ ಪೂರಾ ಎರಿ" ಅಂತ ಬರದೀರಿ. ಅದನ್ನ ಮೊದಲನೇ ಸಾಲಿನಾಗ ಬರೀಬೇಕಿತ್ತು.

ಎರಿ ಮಣ್ಣು ಹಸುಗೂಸಿನ ಹೊಟ್ಟಿ ಇದ್ದಂಗ. ಕುಡಿದ್ರ ಉಬ್ಬತೈತಿ, ಖಾಲಿ ಆದ್ರ ಇಳೀತೈತಿ. ಮಳಿಗಾಲದಾಗ ಪಾಯಾ ಎತ್ತತೈತಿ, ಬ್ಯಾಸಿಗ್ಯಾಗ ಬಿಡ್ತೈತಿ. ನಾಕು ವರ್ಷಕ್ಕ ಕಿಡಿಕಿ ಮೂಲಿಯಿಂದ ಅಡ್ಡ ಸೀಳು ಬಿಡ್ತೈತಿ. ಆಮ್ಯಾಲೆ ನೀವು ಗ್ವಾಡಿಗೆ ಏನು ಹಸಿರು ಬಳದ್ರೂ ಅಷ್ಟ. ಕಟ್ಟಿದ ಮನಿ ಒಡದು ಮತ್ತ ಕಟ್ಟೋದಕ್ಕಿಂತ ದೊಡ್ಡ ಹಾಳು ಯಾವುದೈತ್ರಿ? ಇಟ್ಟಂಗಿ, ಸಿಮೆಂಟು, ಉಸುಕು ಎಲ್ಲಾ ಎರಡು ಸಲ.

ಗುಂಡಿ ತಗದು ಗಟ್ಟಿ ಗರಸು ಎಲ್ಲಿ ಸಿಗ್ತೈತಿ ನೋಡ್ರಿ. ಐದಾರು ಅಡಿಗೆ ಸಿಕ್ರ ನಿಮ್ಮ ಪುಣ್ಯ, ಅಲ್ಲಿಗೆ ಇಳಿಸಿ ಗರಸು ತುಂಬಿ ದಮ್ಮಸ್ ಹೊಡೆದು ಮ್ಯಾಲೆ ಬರ್ರಿ. ಸಿಗಲಿಲ್ಲ ಅಂದ್ರ ಬುಡದಾಗ ಗಡ್ಡಿ ಬಿಟ್ಟ ಪೈಲ್, ಅಂದ್ರ ನೆಲದಾಗ ಇಳಿಸೋ ಕಾಂಕ್ರೀಟ್ ಕಂಬ ಹಾಕಿಸ್ರಿ, ಗ್ವಾಡಿ ಹೊರೋ ಪ್ಲಿಂಥ್ ಬೀಮ್ ಅದರ ಮ್ಯಾಲೆ ಕೂಡಬೇಕು. ಇದನ್ನ ನಿಮ್ಮ 40 ಸಾವಿರದಾಗ ಹಿಡೀಬ್ಯಾಡ್ರಿ. ಇದು ಮನಿ ಲೆಕ್ಕ.

ಲೆಕ್ಕದ ಪಟ್ಟಿ · ಬಳ್ಳಾರಿ

ಗೌಂಡಿಯವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಅವರು ಗಡ್ಡೆ ಪೈಲ್ ಎಂದದ್ದು ಅಂಡರ್ ರೀಮ್ಡ್ ಪೈಲ್. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ 1950ರ ದಶಕದಲ್ಲಿ ಇಂಥ ಕಪ್ಪು ಮಣ್ಣಿಗೆಂದೇ ಅದನ್ನು ರೂಪಿಸಿತು. ಗಡ್ಡೆಯ ಅಗಲ ಸಾಮಾನ್ಯವಾಗಿ ಕಾಂಡದ ಎರಡೂವರೆ ಪಟ್ಟು. ಮಳೆ-ಬಿಸಿಲಿಗೆ ಮಣ್ಣು ಹಿಗ್ಗಿ ಕುಗ್ಗುವ ಪದರಕ್ಕಿಂತ ಕೆಳಗೆ ಅದು ಲಂಗರು ಹಾಕಿ ಕೂರುತ್ತದೆ. ಸಾಲು ಮನೆಗಳಾದರೆ ಪಕ್ಕದ ಮನೆಯವರೂ ಅದೇ ಪೈಲ್ ಹಂಚಿಕೊಳ್ಳಬಹುದು, ಖರ್ಚು ಇಳಿಯುತ್ತದೆ.

ಇನ್ನು ನಿಮ್ಮ ಪ್ರಶ್ನೆ. ಹಸಿರು ಎಂದಾಗ ಎರಡು ಖಾತೆ ಬೇರೆ ಬೇರೆ ಇಡಿ. ಕಟ್ಟುವಾಗ ಎಷ್ಟು ಸುಡುತ್ತೀರಿ ಎಂಬುದು ಒಂದು. ಬದುಕುವಾಗ ಎಷ್ಟು ಬೇಯುತ್ತೀರಿ ಎಂಬುದು ಇನ್ನೊಂದು. ಕಲ್ಲಿದ್ದಲು ಸುಡುವ ವಿದ್ಯುತ್ ಸ್ಥಾವರದ ಬೂದಿಯಿಂದ ಮಾಡುವ ಬೂದಿ ಇಟ್ಟಿಗೆ ಮೊದಲ ಖಾತೆಯದು. ಭಟ್ಟಿಯಲ್ಲಿ ಸುಡುವುದಿಲ್ಲ, ಹೊಲದ ಮೇಲ್ಮಣ್ಣು ತೆಗೆಯುವುದಿಲ್ಲ. ಆದರೆ ಬಿಸಿ ತಡೆಯುವುದರಲ್ಲಿ ಅದು ಕೆಂಪು ಇಟ್ಟಿಗೆಗಿಂತ ಹೇಳಿಕೊಳ್ಳುವಷ್ಟು ಮೇಲಲ್ಲ. ಎಎಸಿ ಬ್ಲಾಕ್ ಎರಡನೇ ಖಾತೆಯಲ್ಲಿ ಮೇಲು, ಇಟ್ಟಿಗೆಗಿಂತ ಬಿಸಿಯನ್ನು ಬಹಳ ನಿಧಾನ ಬಿಡುತ್ತದೆ, ಹಗುರವೂ ಹೌದು.

ಆದರೆ ಒಂದಂತಸ್ತಿನ ಸಣ್ಣ ಮನೆಯಲ್ಲಿ ಸೆಕೆ ಬಹುಪಾಲು ಗೋಡೆಯಿಂದ ಬರುವುದಿಲ್ಲ, ತಲೆಯ ಮೇಲಿಂದ ಬರುತ್ತದೆ. ಬೇಸಿಗೆಯ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ. ವಸತಿ ಕಟ್ಟಡಗಳಿಗೆ ಕೇಂದ್ರ ಸರ್ಕಾರ 2018ರಲ್ಲಿ ತಂದ ಇಕೋ ನಿವಾಸ ಸಂಹಿತೆಯಲ್ಲಿ ಚಾವಣಿಯ ಯು ಮೌಲ್ಯ, ಅಂದರೆ ಬಿಸಿ ದಾಟುವ ಪ್ರಮಾಣ, 1.2 ಮೀರಬಾರದು ಎಂದಿದೆ. ನಾವು ಹಾಕುವ ಬರೀ ಆರ್‌ಸಿಸಿ ಸ್ಲ್ಯಾಬಿನದು 3ಕ್ಕಿಂತ ಹೆಚ್ಚು. ಅಂದರೆ ಎರಡೂವರೆ ಪಟ್ಟು ಬಿಸಿ ಒಳಗೆ. ಸ್ಲ್ಯಾಬ್ ಮೇಲೆ ಒಂದು ಇಂಚು ಎಕ್ಸ್‌ಪಿಎಸ್ (ಬಿಸಿ ತಡೆಯುವ ಗಟ್ಟಿ ಫೋಮ್) ಹಲಗೆ, ಅದರ ಮೇಲೆ ತೆಳು ಕಾಂಕ್ರೀಟು, ಬಿಳಿ ಟೈಲ್ಸ್ ಚೂರು. ಅಷ್ಟಕ್ಕೆ ಲೆಕ್ಕ 1.2ರ ಹತ್ತಿರ ಬರುತ್ತದೆ. 2018ರ ಆ ಸಂಹಿತೆಯನ್ನು ಮಾಡಿದ್ದು 500 ಚದರ ಮೀಟರ್ ಮತ್ತು ಮೇಲಿನ ನಿವೇಶನಗಳಿಗೆ. ನಿಮ್ಮ ಬಿಡಿ ಮನೆಗೆ ಕಡ್ಡಾಯವಲ್ಲದಿದ್ದರೂ ಆ ಅಂಕಿ ಇಟ್ಟುಕೊಂಡೇ ಕೆಲಸ ಮಾಡಿಸಿ.

ಅದಕ್ಕೇ ನನ್ನ ಸಾಲು: ಮೊದಲು ಮಾಳಿಗೆ, ನಂತರ ಪಡುವಣ ಗೋಡೆ, ನಂತರ ಕಿಟಕಿ. ಉಳಿದದ್ದೆಲ್ಲ ಹಣ ಮಿಕ್ಕರೆ.

ಹಗರಿ ದಂಡೆ · ಬಳ್ಳಾರಿ

ಲೆಕ್ಕದ ಅಣ್ಣಾರು ಪಡುವಣ ಗೋಡೆ ಅಂದ್ರಲ್ಲ, ಆ ಮಾತಿಗೆ ನನ್ದೊಂದು ಓಟು.

ನಾವಿರೋದು ಹಿಂಗೇ ಒಂದು ಗುಂಪು ಮನೆ ಕಾಲೋನ್ಯಾಗೆ. ನಕ್ಷೆ ಹಾಕಿದೋರು ಎಲ್ಲಾ ಮನೆಗೂ ಒಂದೇ ಅಚ್ಚು ಒತ್ತಿಬಿಟ್ಟಾರೆ. ರಸ್ತೆ ಈಕಡೆ ಇದ್ದೋರ ಮಲಗೋ ಕೋಣೆ ಮೂಡಲಕ್ಕೆ ಬಂತು, ಆಕಡೆ ಇದ್ದೋರ್ದು ಪಡುವಲಕ್ಕೆ ಬಂತು. ನಮ್ದು ಪಡುವಲ. ಮಧ್ಯಾಹ್ನ ಮೂರರಿಂದ ಬಿಸ್ಲು ಗೋಡೆಗೆ ಹೊಡೆದ್ರೆ ರಾತ್ರಿ ಹತ್ತರ ತನಕ ಗೋಡೆ ಮುಟ್ಟಂಗಿಲ್ಲ. ಎದುರು ಮನ್ಯಾಗೆ ಅದೇ ಇಟ್ಟಿಗೆ, ಅದೇ ಸಿಮೆಂಟು, ಅವರು ಆರಾಮ್ ಮಲಗ್ತಾರೆ.

ಆ ಕಡೆ ಬಚ್ಚಲು, ಮೆಟ್ಲು, ಸಾಮಾನು ಇಡೋ ಗೂಡು ಬಂದಿದ್ರೆ ಬಿಸ್ಲು ಅವಕ್ಕೆ ಹೊಡೀತಿತ್ತು. ಒಂದು ಪೈಸೆ ಖರ್ಚಿಲ್ಲ, ನಕ್ಷೇನ ತಿರುವಿ ಹಾಕಿದ್ರೆ ಸಾಕಿತ್ತು. ನಿಮ್ಮೋರಿಗೆ ಹೇಳ್ರಿ, ರಸ್ತೆ ಎರಡೂ ಬದಿಗೆ ಎರಡು ನಕ್ಷೆ ಮಾಡ್ಸಿ ಅಂತ.

ಕುಷ್ಟಗಿ ಹುಡುಗ · ಕೊಪ್ಪಳ ಜಿಲ್ಲೆ

ಎಕ್ಸ್‌ಪಿಎಸ್ ಅಂದ್ರ ಥರ್ಮಾಕೋಲ್ ಜಾತಿದಲ್ರಿ? ಅದನ್ನ ಹಸಿರು ಅಂತ ಹೆಂಗ ಕರೀತೀರಿ ಸರ. ನಮ್ಮೂರಾಗ ಕುಂಬಾರ್ರು ಅದಾರ, ಗಡಿಗಿ ಬೋರಲ ಹಾಕಿ ಮ್ಯಾಲೆ ಗಚ್ಚು ಹಾಕಿದ್ರ ಆಗೂದಿಲ್ಲೇನು? ನಡುವ ಗಾಳಿ ಇರ್ತೈತಿ.

ಲೆಕ್ಕದ ಪಟ್ಟಿ · ಬಳ್ಳಾರಿ

ಆಗುತ್ತದೆ ತಮ್ಮಾ. ಗಡಿಗೆ ವಿಧಾನ ಹಳೆಯದು, ಒಳ್ಳೆಯದು. ಎರಡು ತಕರಾರು ಮಾತ್ರ. ಒಂದು, ತೂಕ. ಎರಡು, ಗಡಿಗೆಗಳ ನಡುವೆ ತುಂಬುವ ಗಾರೆ ಬಿಸಿಯನ್ನು ನೇರ ಕೆಳಗಿಳಿಸುತ್ತದೆ, ಹಾಗಾಗಿ ಗಾಳಿ ಇದ್ದ ಜಾಗದ ಲಾಭ ಅರ್ಧ ಹೋಗುತ್ತದೆ. ಎಕ್ಸ್‌ಪಿಎಸ್ ಪೆಟ್ರೋಲಿಯಂ ಮೂಲದ್ದು ಎನ್ನುವುದು ನಿಜ. ಆದರೆ ಒಂದು ಇಂಚಿನ ಹಲಗೆ ಇಪ್ಪತ್ತು ಮೂವತ್ತು ಬೇಸಿಗೆ ದುಡಿಯುತ್ತದೆ, ಎಸೆಯುವ ಪ್ಲಾಸ್ಟಿಕ್ ಲೋಟದ ಜೊತೆ ಅದನ್ನು ತೂಗಬೇಡ.

ಸ್ಲ್ಯಾಬ್ ಹಾಕುವ ಮುಂಚೆಯೇ ಯೋಚಿಸುವುದಾದರೆ ಫಿಲ್ಲರ್ ಸ್ಲ್ಯಾಬ್ ಬಗ್ಗೆ ಕೇಳಿ. ಸ್ಲ್ಯಾಬಿನ ಕೆಳಭಾಗದ ಕಾಂಕ್ರೀಟು ಭಾರ ಹೊರುವುದಿಲ್ಲ, ಕಬ್ಬಿಣವನ್ನು ಹಿಡಿದಿಡುತ್ತದೆ ಅಷ್ಟೆ. ಸರಳುಗಳ ನಡುವಿನ ಆ ಜಾಗಕ್ಕೆ ಹಳೆ ಮಂಗಳೂರು ಹೆಂಚು ಜೋಡಿ ಮಾಡಿ ಇಟ್ಟರೆ ಕಾಂಕ್ರೀಟು ಹೆಚ್ಚುಕಡಿಮೆ ಐದರಲ್ಲೊಂದು ಭಾಗ ಉಳಿಯುತ್ತದೆ. ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಇದನ್ನು ಮನೆಮಾತು ಮಾಡಿದರು. ಆದರೆ ಹೆಂಚು ಎಲ್ಲಿಡಬೇಕು, ಎಲ್ಲಿಡಬಾರದು ಎಂದು ಗೊತ್ತಿರುವ ಗೌಂಡಿ ಬೇಕು. ಜಿಲ್ಲೆಯ ನಿರ್ಮಿತಿ ಕೇಂದ್ರದಲ್ಲಿ ವಿಚಾರಿಸಿ, ಇಂಥ ತಂತ್ರ ಹರಡಲೆಂದೇ ಆ ಕೇಂದ್ರಗಳು ಹುಟ್ಟಿದ್ದು.

ಗೌಂಡಿ · ಮಾನ್ವಿ

ಗೊತ್ತೈತ್ರಿ ನಮಗ. ಮಾಡಿಸೋರು ಇಲ್ಲ. "ಹೆಂಚು ಇಟ್ರ ಮಾಳಿಗಿ ಬೀಳ್ತೈತಿ" ಅಂತ ಮಾಲಕರ ಹೆದರ್ತಾರ.

ಸಂಡಿಗಿ ಅಕ್ಕ · ಸಿಂಧನೂರು

ನೀವೆಲ್ಲಾ ಮಾಳಿಗಿ ಮ್ಯಾಲೆ ಏನೇನೋ ಹಾಸಾಕತ್ತೀರಿ. ಮಾಳಿಗಿ ಮ್ಯಾಲೆ ಯಾರು ಇರ್ತಾರ ಅಂತ ಕೇಳೀರೇನು?

ಮಾರ್ಚ್‌ನಾಗ ಸಂಡಿಗಿ, ಹಪ್ಪಳ, ಕೆಂಪು ಮೆಣಸಿನಕಾಯಿ, ಬ್ಯಾಳಿ ಎಲ್ಲಾ ಒಣಗೋದು ಅಲ್ಲೇ. ಏಪ್ರಿಲ್‌ನಿಂದ ರಾತ್ರಿ ಮಲಗೋದೂ ಅಲ್ಲೇ. ಪೂರಾ ಪ್ಯಾನೆಲ್ ಹಾಕಿದ್ರ ನಾವೆಲ್ಲಿ ಹೋಗೋಣು? ಬಿಳಿ ಬಳದ್ರ ಮಧ್ಯಾಹ್ನ ಕಣ್ಣು ಬಿಡಾಕ ಆಗಂಗಿಲ್ಲ, ಟೈಲ್ಸ್ ಚೂರಿನ ಮ್ಯಾಲೆ ಮಳಿ ಬಿದ್ದ್ರ ಕಾಲು ಜಾರತೈತಿ. ನಮ್ಮ ಓಣ್ಯಾಗ ಮುದುಕಿ ಒಬ್ಬಾಕಿ ಹಂಗ ಬಿದ್ದು ತೊಡಿ ಮುರ್ಕೊಂಡಾಳ.

ತಂಪು ಬ್ಯಾಡ ಅನ್ನಾಕತ್ತಿಲ್ಲ. ಹಾಕೋ ಮುಂದ ಹೆಣ್ಮಕ್ಕಳನ್ನ ಒಂದ್ಸಲ ಮಾಳಿಗಿ ಹತ್ತಿಸಿ ಕೇಳ್ರಿ. ಖಡಕ್ ಟೈಲ್ಸ್ ಸಿಗ್ತಾವು, ಹೊಳಪು ಇಲ್ದವು, ಅವನ್ನ ಹಾಕ್ರಿ. ಮೆಟ್ಲು ಕಡೆ ಒಂದು ಮೂಲಿ ಬಿಳಿ ಇಲ್ದಂಗ ಬಿಟ್ರ ಒಣಗಿಸೋರಿಗೂ ಆತು.

ಎರಿಹೊಲ · ರಾಯಚೂರು

ಅಕ್ಕಾ, ಈ ಮಾತು ನಮ್ಮ ಸಭೆಯೊಳಗ ಒಬ್ಬರೂ ಎತ್ತಿಲ್ಲ. ಬರಕೊಂಡೀನಿ.

ಸುಣ್ಣದ ಬಗ್ಗೆ ಕೇಳಬೇಕಿತ್ತು. ಎಕ್ಸ್‌ಪಿಎಸ್ ಹಾಕಾಕ ಆಗದವರು ಬರೀ ಸುಣ್ಣ ಬಳದ್ರ ನಡೀತದೇನು?

ಕುಷ್ಟಗಿ ಹುಡುಗ · ಕೊಪ್ಪಳ ಜಿಲ್ಲೆ

ನಡೀತೈತಿ ಅಣ್ಣ. ನಮ್ಮ ಮನ್ಯಾಗ ಮಾಡೀವಿ. ಗಟ್ಟಿ ಸುಣ್ಣ ರಾತ್ರಿ ನೆನಸಿ, ಬೆಳಗ್ಗೆ ಅರಬ್ಯಾಗ ಸೋಸಿ, ಫೆವಿಕಾಲ್ ಜಾತಿ ಅಂಟು ಕಲಿಸಿ ತೆಳ್ಳಗ ಮೂರು ಕೋಟು. ಮೊದಲು ಮಾಳಿಗಿ ಉಜ್ಜಿ ತೊಳೀರಿ, ಇಲ್ಲಂದ್ರ ಪದರು ಏಳತೈತಿ. ಒಂದು ಕೋಟು ಒಣಗಿದ ಮ್ಯಾಲೇ ಇನ್ನೊಂದು. ಕೆಳಗ ಎರಡರಿಂದ ನಾಕು ಡಿಗ್ರಿ ಫರಕ್ ಬರ್ತೈತಿ. ಎರಡು ಡಿಗ್ರಿ ಅಂದ್ರ ಏನು ಮಹಾ ಅಂತ ನಗಬ್ಯಾಡ್ರಿ, ರಾತ್ರಿ ಫ್ಯಾನಿನ ಗಾಳಿ ಸುಡೋದು ನಿಲ್ತೈತಿ.

ಕೃಷ್ಣಾ ದಾಟಿದ್ರ ತೆಲಂಗಾಣ. ಅಲ್ಲಿ 2023ರಾಗ ತಂಪು ಮಾಳಿಗಿಗೆ ಅಂತಾನ ನೀತಿ ತಂದಾರ, ಐದು ವರ್ಷದ್ದು. ಬಿಸಿಲು ಇಕಡೆ ಬ್ಯಾರೆ, ಆಕಡೆ ಬ್ಯಾರೆ ಐತೇನು?

ಬೂದಿಗಾಳಿ · ಶಕ್ತಿನಗರ ಹತ್ತಿರ

ನಮ್ಮ ಕಡೆ ಬಂದು ಬಿಳಿ ಬಳೀರಿ ನೋಡೋಣು. ಗಾಳಿ ಬೀಸಿದ್ರ ಬೂದಿ ಧೂಳು ಕುಂಡ್ರತದ, ಬಿಳಿ ಮಾಳಿಗಿ ಒಂದು ಬ್ಯಾಸಿಗ್ಯಾಗ ಬೂದು ಮಾಳಿಗಿ. ಹೊಸದಾಗಿ ಬಳದ ಸುಣ್ಣ ಬಿದ್ದ ಬಿಸಲಿನಾಗ ನಾಕರಾಗ ಮೂರು ಪಾಲು ತಿರುಗಿ ಕಳಿಸ್ತದ ಅಂತಾರ, ಖರೆ. ಧೂಳು ಕುಂತ ಮ್ಯಾಲೆ ಅದು ಹಂಗ ಇರಂಗಿಲ್ಲ. ಸುಣ್ಣ ಒಂದ್ಸಲ ಬಳದ್ರ ಮುಗೀತು ಅಂತ ಯಾರೂ ತಿಳಕೋಬ್ಯಾಡ್ರಿ. ವರ್ಷಾ ವರ್ಷಾ ಬಳೀಬೇಕು, ನಡುವ ಒಂದೆರಡು ಸಲ ತೊಳೀಬೇಕು. ತೊಳಿಯಾಕ ನೀರು ಬೇಕು. ಆ ನೀರು ಬ್ಯಾಸಿಗ್ಯಾಗ ಎಲ್ಲಿಂದ ಬರ್ತದ, ಅದನ್ನೂ ಹೇಳ್ರಿ.

ಬೂದಿ ಇಟ್ಟಂಗಿ ಬಗ್ಗೆ ನಾ ಹೇಳ್ತೀನಿ, ದಿನಾ ಅದನ್ನ ನೋಡ್ತೀವಿ. ಇಲ್ಲಿ ಥರ್ಮಲ್ 1985ರಿಂದ ನಡದದ, ಈಗ 8 ಘಟಕ, 1720 ಮೆಗಾವಾಟ್. ಬೂದಿಗೆ ಕೊರತಿ ಇಲ್ಲ. ಸುತ್ತ ಇಟ್ಟಂಗಿ ಮಾಡೋರು ಭಾಳ. ಕೆಲವರು ಛಲೋ ಮಾಡ್ತಾರ, ಕೆಲವರು ಸಿಮೆಂಟು ಉಳಿಸಿ, ನೀರು ಹೊಡೀದ ಹಸೀ ಹಸೀ ಮಾರ್ತಾರ. ತಗೊಳ್ಳೋ ಮುಂದ ಎರಡು ಇಟ್ಟಂಗಿ ಒಂದಕ್ಕೊಂದು ಬಡೀರಿ, ಟಣ್ ಅನ್ನಬೇಕು. ಉಗುರಿಲೆ ಗೀರಿದ್ರ ಪುಡಿ ಬರಬಾರದು. ಒಂದು ದಿನ ನೀರಾಗ ಮುಳುಗಿಸಿ ತೂಕ ಹಿಡೀರಿ, ಒಣ ತೂಕಕ್ಕಿಂತ ನೂರಕ್ಕ 20ರಕಿಂತ ಜಾಸ್ತಿ ನೀರು ಕುಡದಿದ್ರ ವಾಪಸ್ ಕಳಿಸ್ರಿ. ಐಎಸ್ 12894 ಅನ್ನೋ ಮಾನದಂಡದಾಗ ಆ ಮಿತಿ ಅದ.

ಗೌಂಡಿ · ಮಾನ್ವಿ

ಖರೆ ಹೇಳಿದ್ರಿ. ಇನ್ನೊಂದು: ಬೂದಿ ಇಟ್ಟಂಗಿ ಮೈ ನುಣ್ಣಗ, ಗಿಲಾವು ಹಿಡಿಯಂಗಿಲ್ಲ. ಸಂದಿ ಗೀರಿ ಬಿಡಬೇಕು. ಹಸೀ ಇಟ್ಟಂಗಿ ಕಟ್ಟಿದ್ರ ಒಣಗೋ ಮುಂದ ಕುಗ್ಗಿ ಕೂದಲಿನಷ್ಟು ಸೀಳು ಬಿಡ್ತಾವು. ಎರಿ ಸೀಳು ಬ್ಯಾರೆ, ಇದು ಬ್ಯಾರೆ, ಎರಡೂ ಕೂಡಿಸಿ ಗೌಂಡಿ ತಲಿಗೆ ಕಟ್ಟತಾರ.

ನಮ್ಮ ಕಡೆ ಕಲ್ಲು ಸಿಗೋ ಊರಾಗ ಕಲ್ಲಿಂದ ಕಟ್ರಿ. ಸುಡೋದಿಲ್ಲ, ಲಾರಿ ಭಾಳ ದೂರ ಓಡೋದಿಲ್ಲ. ನೆಲಕ್ಕ ಶಹಾಬಾದ್ ಫರಸಿ ಹಾಕ್ರಿ, ಹೊಳಿಯೋ ಟೈಲ್ಸ್ ಯಾಕ್ರಿ.

ಲೆಕ್ಕದ ಪಟ್ಟಿ · ಬಳ್ಳಾರಿ

ಬೂದಿ ಎಂದರೆ ಮೂಗು ಮುರಿಯುವವರಿಗೆ ಒಂದು ಮಾತು: ನೀವು ಅಂಗಡಿಯಿಂದ ತರುವ ಪಿಪಿಸಿ ಸಿಮೆಂಟಿನಲ್ಲೇ ಮಾನದಂಡದ ಪ್ರಕಾರ ನೂರಕ್ಕೆ 15ರಿಂದ 35 ಭಾಗ ಬೂದಿ ಇರುತ್ತದೆ. ಸ್ಲ್ಯಾಗ್ ಸಿಮೆಂಟ್ ತಂದರೆ ಅದರಲ್ಲಿ ಉಕ್ಕಿನ ಕುಲುಮೆಯ ಕಿಟ್ಟ ನೂರಕ್ಕೆ 25ರಿಂದ 70. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಪಕ್ಕದಲ್ಲೇ ಇರುವ ನಮಗೆ ಅದು ದೂರದ ಸರಕಲ್ಲ. ಇದಕ್ಕೆ ನಿಮ್ಮ 40 ಸಾವಿರದಿಂದ ಏನೂ ತೆಗೆಯಬೇಕಿಲ್ಲ, ಚೀಲದ ಮೇಲೆ ಬರೆದದ್ದು ಓದಿ ತಂದರೆ ಆಯಿತು. ನೀರು ಹೊಡೆಯುವುದನ್ನು ಮಾತ್ರ ಕೆಲವು ದಿನ ಹೆಚ್ಚು ಮಾಡಿ, ಇವೆರಡೂ ನಿಧಾನ ಗಟ್ಟಿಯಾಗುವ ಸಿಮೆಂಟು.

ಮಣ್ಣಿನ ಬ್ಲಾಕ್ ಬಗ್ಗೆ ಯಾರಾದರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ತಂಡ ಆ ವಿದ್ಯೆಯನ್ನು ಕರ್ನಾಟಕದಲ್ಲಿ ಬೆಳೆಸಿತು, ಒಳ್ಳೆಯ ವಿದ್ಯೆ. ಆದರೆ ಅದಕ್ಕೆ ಮರಳು ಹೆಚ್ಚಿರುವ ಕೆಂಪು ಮಣ್ಣು ಬೇಕು. ನಿಮ್ಮ ಎರೆಯಲ್ಲಿ ಆಗುವುದಿಲ್ಲ. ಕೆಂಪು ಮಣ್ಣನ್ನು ಐವತ್ತು ಮೈಲಿಯಿಂದ ಲಾರಿಯಲ್ಲಿ ತಂದು ಹಸಿರು ಎನ್ನುವುದರಲ್ಲಿ ಅರ್ಥವಿಲ್ಲ.

ಕರೆಂಟ್ ಕಾಕಾ · ಲಿಂಗಸುಗೂರು

ಸೋಲಾರ್ ಬಗ್ಗೆ ಯಾರೂ ಮಾತಾಡಲಿಲ್ಲ. ನಾ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ.

ವಾಟರ್ ಹೀಟರ್ ಬಿಟ್ಟುಬಿಡ್ರಿ. ರಾಯಚೂರಾಗ ವರ್ಷದಾಗ ಎಷ್ಟು ತಿಂಗಳು ಬಿಸಿನೀರು ಬೇಕು? ಬ್ಯಾಸಿಗ್ಯಾಗ ಟಾಕಿ ನೀರ ಮೈ ಸುಡತೈತಿ.

ಪ್ಯಾನೆಲ್ ವಿಚಾರ. ಒಂದು ಕಿಲೋವಾಟ್ ನಮ್ಮ ಬಿಸಲಿಗೆ ದಿನಕ್ಕ ಸುಮಾರು 4 ಯೂನಿಟ್, ತಿಂಗಳಿಗೆ 120. ಕೇಂದ್ರದ ಸೂರ್ಯ ಘರ್ ಯೋಜನೆ 2024ರಾಗ ಬಂತು, ಮೊದಲ ಎರಡು ಕಿಲೋವಾಟ್‌ಗೆ ಒಂದೊಂದಕ್ಕ 30 ಸಾವಿರ ಸಬ್ಸಿಡಿ, ಮೂರು ಕಿಲೋವಾಟ್‌ಗೆ ಒಟ್ಟು 78 ಸಾವಿರ. ಕೇಳಾಕ ಛಂದ. ಆದರ ನಿಮ್ಮ ಮನ್ಯಾಗ ಎರಡು ಫ್ಯಾನು, ನಾಕು ಬಲ್ಬು, ಒಂದು ಟಿವಿ. 2023ರಿಂದ ಗೃಹ ಜ್ಯೋತಿ ಐತಿ, 200 ಯೂನಿಟ್ ಒಳಗ ನಿಮ್ಮ ಸರಾಸರಿ ಲೆಕ್ಕದಾಗ ಬಳಸಿದ್ರ ಜೆಸ್ಕಾಂ ಬಿಲ್ ಸೊನ್ನಿನೇ ಬರ್ತೈತಿ. ಸೊನ್ನಿ ಬಿಲ್ ಇದ್ದಾಗ ಕೈಯಿಂದ ದುಡ್ಡು ಹಾಕಿ ಪ್ಯಾನೆಲ್ ಕೂಡಿಸಿ ಏನು ಉಳಸ್ತೀರಿ?

ಇದನ್ನ ಕೇಳ್ರಿ ಈಗ. ಗೃಹ ಜ್ಯೋತಿ ಮನಿ ಮೀಟರಿಗೆ. ನಿಮ್ಮ ಬೋರಿನ ಮೋಟರು, ಓಣಿ ದೀಪ, ಸಮುದಾಯ ಭವನ, ಇವು ಕಾಮನ್ ಮೀಟರ್. ಆ ಬಿಲ್ ಯಾರೂ ಮಾಫಿ ಮಾಡಂಗಿಲ್ಲ. ಅದ ಬಿಲ್ಲಿಗೆ ಪ್ರತಿ ಕಾಲೋನ್ಯಾಗ ಹೊಡೆದಾಟ. ಸೂರ್ಯ ಘರ್‌ನಾಗ ನಿವಾಸಿಗಳ ಸಂಘಕ್ಕ, ಗುಂಪು ಮನಿಗಳ ಸಾಮಾನ್ಯ ಸೌಲಭ್ಯಕ್ಕ ಅಂತ ಕಿಲೋವಾಟ್‌ಗೆ 18 ಸಾವಿರ ಸಬ್ಸಿಡಿ ಬ್ಯಾರೆ ಐತಿ. ಪ್ಯಾನೆಲ್ ಸಮುದಾಯ ಭವನದ ಮ್ಯಾಲೆ ಹಾಕ್ರಿ, ಮೋಟರು ಹಗಲು ಓಡಿಸ್ರಿ, ಟಾಕಿ ತುಂಬಿಸಿಡ್ರಿ. ಸಂಡಿಗಿ ಅಕ್ಕನ ಮಾಳಿಗೀನೂ ಉಳೀತೈತಿ.

ಮನಿಗೆ ಬೇಕಾದ್ರ ಬಿಎಲ್‌ಡಿಸಿ ಫ್ಯಾನ್ ಕೊಡಿಸ್ರಿ. ಹಳೇ ಫ್ಯಾನು 75 ವಾಟ್ ತಿಂದ್ರ ಇದು 30ರ ಸುತ್ತ ಮುತ್ತ. ಕರೆಂಟ್ ಹೋದಾಗ ಸಣ್ಣ ಇನ್ವರ್ಟರ್ ಮ್ಯಾಲೆ ರಾತ್ರಿ ಪೂರಾ ತಿರುಗತೈತಿ. ಅದು ಬಡವರ ಮನಿಗೆ ಉಪಯೋಗ.

ಹಗರಿ ದಂಡೆ · ಬಳ್ಳಾರಿ

ಕಾಕಾ, ಗೃಹ ಜ್ಯೋತಿ ಕಾಯಂ ಇರ್ತೈತೆ ಅಂತ ಯಾರು ಬರಕೊಟ್ಟಾರೆ? ನಾಳೆ ತೆಗೆದ್ರೆ?

ಕರೆಂಟ್ ಕಾಕಾ · ಲಿಂಗಸುಗೂರು

ಅದಕ್ಕ ವೈರಿಂಗ್ ಪೈಪು, ಮೀಟರ್ ಬೋರ್ಡಿನಾಗ ಜಾಗ ಈಗ ಬಿಟ್ಟಿರ್ರಿ ಅವ್ವಾ. ಪೈಪಿಗೆ ಎಷ್ಟು ಮಹಾ ಖರ್ಚು. ತೆಗೆದ ದಿನ ಪ್ಯಾನೆಲ್ ತರಬಹುದು.

ಎರಿಹೊಲ · ರಾಯಚೂರು

ಕಾಮನ್ ಮೀಟರ್ ಮಾತು ಭಾಳ ಛಲೋ ಆತು ಕಾಕಾ.

ಮಳಿನೀರಿನ ಬಗ್ಗೆ ಒಬ್ಬರೂ ಹೇಳವಲ್ರಿ. ಪ್ರತಿ ಮನಿ ಮುಂದ ಇಂಗುಗುಂಡಿ ತೆಗೀಬೇಕು ಅಂತ ನಕ್ಷಿ ಹಾಕಿದವರು ಹೇಳ್ಯಾರ. ಮನಿ ಮುಂದ ಒಂದು ಬೇವಿನ ಗಿಡನೂ ಹಚ್ಚೋಣ ಅಂತ ಮಾಡೀವಿ.

ಗೌಂಡಿ · ಮಾನ್ವಿ

ಎರಡೂ ಬ್ಯಾಡ್ರೀ!! ಪಾಯಾ ಮಗ್ಗಲಕ ಇಂಗುಗುಂಡಿ ತಗದ್ರ ಎರಿಗೆ ಕೈಯಾರ ನೀರು ಕುಡಿಸಿದಂಗ ಆತು.

ಲೆಕ್ಕದ ಪಟ್ಟಿ · ಬಳ್ಳಾರಿ

ಗೌಂಡಿಯವರ ಕೂಗು ಸರಿಯಾಗಿದೆ. ಇಂಗುಗುಂಡಿ ಮಾಡಿಸಿ ಎನ್ನುವ ಸಲಹೆ ಕೆಂಪು ಮಣ್ಣಿನ ಊರುಗಳಿಂದ ಬಂದದ್ದು. ಎರೆ ಒದ್ದೆಯಾದ ಮೇಲೆ ನೀರನ್ನು ಕೆಳಗೆ ಬಿಡುವುದೇ ಇಲ್ಲ. ಗುಂಡಿಯಲ್ಲಿ ನೀರು ನಿಲ್ಲುತ್ತದೆ, ಸೊಳ್ಳೆ ಹುಟ್ಟುತ್ತದೆ, ಪಕ್ಕದ ಮಣ್ಣು ಉಬ್ಬಿ ಪಾಯ ಎತ್ತುತ್ತದೆ. ಮನೆ ಸುತ್ತ ಮೂರಡಿ ಕಲ್ಲುಹಾಸು ಅಥವಾ ಕಾಂಕ್ರೀಟು ಹೊರಮುಖಕ್ಕೆ ಇಳಿಜಾರಾಗಿ ಹಾಕಿಸಿ, ನೀರು ಗೋಡೆಯಿಂದ ದೂರ ಹರಿಯಲಿ. ಇಂಗಿಸಲೇಬೇಕು ಎಂದಿದ್ದರೆ ಬಡಾವಣೆಯ ತಗ್ಗಿನಲ್ಲಿ ಒಂದೇ ಕಡೆ, ಸೋಸುಗುಂಡಿ ಮಾಡಿ ಬೋರಿನ ಬಳಿ ಇಳಿಸಿ.

ಶೌಚದ ಗುಂಡಿಗೂ ಇದೇ ತೊಂದರೆ. ಎರಡು ಗುಂಡಿಯ ಪಾಯಖಾನೆ ಎರೆಯಲ್ಲಿ ಮಳೆಗಾಲಕ್ಕೆ ತುಂಬಿ ನಿಲ್ಲುತ್ತದೆ. ಎಲ್ಲಾ ಮನೆಯ ಕೊಳೆನೀರು ಒಂದೆಡೆ ಸೇರಿಸಿ, ಕಂಪಾರ್ಟ್‌ಮೆಂಟ್ ಇರುವ ಸೆಪ್ಟಿಕ್ ಟ್ಯಾಂಕ್, ಅಲ್ಲಿಂದ ಖಡಿ ತುಂಬಿ ಕಾಬಾಳೆ ಗಿಡ ನೆಟ್ಟ ಹಾಸಿನ ಮೂಲಕ ಹರಿಸುವುದು ಮೇಲು. ಕರೆಂಟ್ ಬೇಡ. ಎರಡು ಮೂರು ವರ್ಷಕ್ಕೊಮ್ಮೆ ಹೂಳು ತೆಗೆಸಬೇಕು ಅಷ್ಟೆ.

ಗಿಡವೂ ಬೇರಿನಿಂದ ನೀರು ಹೀರಿ ಎರೆಯನ್ನು ಕುಗ್ಗಿಸುತ್ತದೆ. ಬೇವು, ಹೊಂಗೆ ಬೇಕೇ ಬೇಕು, ಆದರೆ ಗೋಡೆಗೆ ಅಂಟಿಸಿ ಬೇಡ. ರಸ್ತೆಯ ಆಚೆ ಅಂಚಿಗೆ, ಪಾಯದಿಂದ 20 ಅಡಿಯಾದರೂ ದೂರ.

ಕುಷ್ಟಗಿ ಹುಡುಗ · ಕೊಪ್ಪಳ ಜಿಲ್ಲೆ

ಮಳಿನೀರು ಇಂಗಿಸೋದಕ್ಕಿಂತ ಹಿಡಿದಿಡ್ರಿ ಅಣ್ಣ. ನಮ್ಮ ತಾಲೂಕಿನ ಎಷ್ಟೋ ಊರಾಗ ಬೋರಿನ ನೀರಿಗೆ ಫ್ಲೋರೈಡ್. ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ರ ಕುಡಿಯಾಕ ಬರಂಗಿಲ್ಲ. ಮಳಿನೀರಾಗ ಆ ಕಾಟ ಇಲ್ಲ. ಲೆಕ್ಕ ನೋಡ್ರಿ: 30 ಚದರ ಮೀಟರ್ ಮಾಳಿಗಿ, ವರ್ಷಕ್ಕ 600 ಮಿಲಿಮೀಟರ್ ಮಳಿ ಅಂತ ಹಿಡಿದ್ರ 18 ಸಾವಿರ ಲೀಟರ್ ಬೀಳತೈತಿ. ಹಾಳಾಗೋದು ಕಳದ್ರೂ 14 ಸಾವಿರ ಕೈಗೆ ಬಂತು. ಅಡಗಿಗೆ, ಕುಡಿಯಾಕ ದಿನಕ್ಕ ಎರಡು ಕೊಡ ಬಳಸೋ ಮನಿಗೆ ಇದು ವರ್ಷ ಪೂರಾ ಬರ್ತೈತಿ. ಅಷ್ಟು ದೊಡ್ಡ ಟಾಕಿ ಕಟ್ಟಾಕ ಆಗಂಗಿಲ್ಲ, 3 ಸಾವಿರದ್ದು ಕಟ್ಟಿದ್ರೂ ತಿಂಗಳುಗಟ್ಟಲೆ ಬರ್ತೈತಿ. ಮೊದಲ ಮಳಿ ನೀರು ಹೊರಗ ಬಿಡಾಕ ಒಂದು ವಾಲ್ವ್ ಇಡ್ರಿ, ಸುಣ್ಣ, ಧೂಳು ಎಲ್ಲಾ ಹೋಗ್ಲಿ.

ಬೂದಿಗಾಳಿ · ಶಕ್ತಿನಗರ ಹತ್ತಿರ

ನಮ್ಮ ಕಡೆ ಆ ನೀರು ಕುಡಿಯಾಕ ಬ್ಯಾಡ. ಬಟ್ಟಿಗೆ, ಮಾಳಿಗಿ ತೊಳಿಯಾಕ ಇಟ್ಕೊಳ್ರಿ. ನನ್ನ ಪ್ರಶ್ನಿಗೂ ಅದ ಉತ್ತರ ಆತು ನೋಡು.

ಸಂಡಿಗಿ ಅಕ್ಕ · ಸಿಂಧನೂರು

ಕಿಡಿಕಿ ಬಗ್ಗೆ ಮರತೀರಿ. ಅಡಗಿಮನ್ಯಾಗ ಬೆಳಗ್ಗೆ ಎರಡು ಡಜನ್ ರೊಟ್ಟಿ ಬಡಿಯಾಕಿಗೆ ಮಾಳಿಗಿ ತಂಪಿದ್ರೂ ಒಂದ, ಬಿಟ್ರೂ ಒಂದ. ಒಲಿ ಕಾವು, ಹೊಗಿ ಮ್ಯಾಲೆ ಹೋಗಾಕ ದಾರಿ ಬೇಕು. ಹಳೇ ಮನ್ಯಾಗ ಬೆಳಕಿಂಡಿ ಇರ್ತಿತ್ತು, ಬೆಳಕೂ ಬರ್ತಿತ್ತು, ಕಾವೂ ಹೋಗ್ತಿತ್ತು. ಸ್ಲ್ಯಾಬ್ ಬಂದ ಮ್ಯಾಲೆ ಅದನ್ನ ಮುಚ್ಚಿಬಿಟ್ರಿ.

ಲೆಕ್ಕದ ಪಟ್ಟಿ · ಬಳ್ಳಾರಿ

ಅಕ್ಕನ ಮಾತಿಗೆ ಅಂಕಿ ಕೊಡುತ್ತೇನೆ. ಅದೇ 2018ರ ಇಕೋ ನಿವಾಸ ಸಂಹಿತೆಯಲ್ಲಿ ಒಣ ಬಿಸಿ ಪ್ರದೇಶಕ್ಕೆ, ತೆರೆಯಬಹುದಾದ ಕಿಟಕಿ-ಬಾಗಿಲು ನೆಲದ ನೂರಕ್ಕೆ 10 ಭಾಗವಾದರೂ ಇರಬೇಕು ಎಂದಿದೆ. 30 ಚದರ ಮೀಟರಿಗೆ 3 ಚದರ ಮೀಟರ್, ಅಂದರೆ ನಾಲ್ಕಡಿ ನಾಲ್ಕಡಿಯ ಎರಡು ಕಿಟಕಿ. ಗಾಜನ್ನು ಸರಿಸುವ ಕಿಟಕಿ ಹಾಕಿದರೆ ಅರ್ಧ ಮಾತ್ರ ತೆರೆಯುತ್ತದೆ, ಅದು ಲೆಕ್ಕಕ್ಕೆ ಅರ್ಧವೇ. ಉತ್ತರ-ದಕ್ಷಿಣ ಎದುರುಬದುರು ಇಡಿ, ಎರಡಡಿ ಸಜ್ಜಾ ಕೊಡಿ. ಮೇಲೆ, ಸ್ಲ್ಯಾಬಿಗೆ ತಾಗಿದಂತೆ, ಸಿಮೆಂಟ್ ಜಾಲರಿ ಬಿಟ್ಟರೆ ಬೆಳಕಿಂಡಿಯ ಕೆಲಸ ಮಾಡುತ್ತದೆ. ಬೇಸಿಗೆಯ ಹಗಲು ಕಿಟಕಿ ಮುಚ್ಚಿ, ಹೊತ್ತು ಮುಳುಗಿದ ಮೇಲೆ ಎಲ್ಲಾ ತೆರೆಯಿರಿ.

ಹಿರಿಯರು ಮೇಲ್ಮುದ್ದಿ ಮನೆ ಕೇಳಿದ್ದರಲ್ಲ, ಅದರ ತಂಪಿಗೆ ಕಾರಣವೂ ಇದೇ. ದಪ್ಪ ಗೋಡೆ, ಮೊಣಕಾಲುದ್ದದ ಮಣ್ಣಿನ ಮಾಳಿಗೆ, ಸಣ್ಣ ಕಿಂಡಿ. ಹಗಲಿನ ಬಿಸಿ ಒಳಗೆ ತಲುಪುವಷ್ಟರಲ್ಲಿ ರಾತ್ರಿ, ಆಗ ಅವರು ಅಂಗಳದಲ್ಲಿ ಮಲಗಿರುತ್ತಿದ್ದರು. ಈಗ ತೊಲೆ ಜಂತಿಗೆ ಮರ ಎಲ್ಲಿದೆ, ವರ್ಷಕ್ಕೊಮ್ಮೆ ಸವಳು ಮಣ್ಣು ಹೊದಿಸುವವರು ಎಲ್ಲಿದ್ದಾರೆ.

ಎರಿಹೊಲ · ರಾಯಚೂರು

ನಿನ್ನೆ ಸಂಜಿ ಸಭೆ ಆತು. ವಾಟರ್ ಹೀಟರ್, ಗ್ವಾಡಿ ಬಳ್ಳಿ ಕೈಬಿಟ್ರು. ರಸ್ತೆ ಎರಡು ಬದಿಗೆ ಎರಡು ನಕ್ಷಿ ಮಾಡಿಸೋದು ಒಪ್ಪಿದ್ರು. ಪ್ಯಾನೆಲ್ ಭವನದ ಮ್ಯಾಲೆ. ಮಾಳಿಗಿಗೆ ಎಕ್ಸ್‌ಪಿಎಸ್ ಮತ್ತು ಖಡಕ್ ಬಿಳಿ ಟೈಲ್ಸ್, ದುಡ್ಡು ಸಾಲದವರಿಗೆ ಈಗ ಸುಣ್ಣ, ಟೈಲ್ಸ್ ಆಮ್ಯಾಲೆ.

ಒಂದಕ್ಕ ಮಾತ್ರ ಒಪ್ಪವಲ್ರು. ಮನಿಗೆ ಮನಿ ಅಂಟಿಸಿ ಸಾಲು ಕಟ್ಟೋದು. ಪೈಲ್ ಖರ್ಚು ಉಳೀತದ, ಮೂಡಲ-ಪಡುವಲ ಗ್ವಾಡಿಗೆ ಬಿಸಲ ಹತ್ತಂಗಿಲ್ಲ ಅಂತ ಎಷ್ಟು ಹೇಳಿದ್ರೂ, "ಗ್ವಾಡಿ ಹಂಚಿಕೊಂಡ್ರ ನಾಳೆ ಅಣ್ಣತಮ್ಮರ ಜಗಳ, ನಮ್ಮ ಗ್ವಾಡಿ ನಮಗ ಬೇಕು" ಅಂತಾರ. ನಡುವ ಎರಡಡಿ ಸಂದಿ ಬಿಡೋಣ ಅನ್ನಾಕತ್ಯಾರ.

ಹಗರಿ ದಂಡೆ · ಬಳ್ಳಾರಿ

ಎರಡಡಿ ಸಂದಿ ಮಾತ್ರ ಬ್ಯಾಡ್ರಪ್ಪ. ನಮ್ಮಲ್ಲಿ ಬಿಟ್ಟಾರೆ. ಕಸ, ಇಲಿ, ಮಳೆನೀರು ಎಲ್ಲಾ ಅಲ್ಲೇ. ಒಬ್ಬ ಮನುಷ್ಯ ಒಳಗೆ ಹೋಗಿ ಗುಡಿಸಾಕಾಗಲ್ಲ, ಗಾಳಿನೂ ಬರಲ್ಲ.

ಗೌಂಡಿ · ಮಾನ್ವಿ

ಆ ಸಂದ್ಯಾಗ ನಿಂತ ನೀರು ಎರಡೂ ಮನಿ ಪಾಯಾಕ್ಕ ಇಳೀತೈತಿ. ಎರಡು ಗ್ವಾಡಿನೇ ಬೇಕಂದ್ರ ಎರಡು ಕಟ್ರಿ, ಒಂದಕ್ಕೊಂದು ತಗಲಿಸಿ, ನಡುವ ಒಂದಿಂಚು ಜಾಯಿಂಟ್ ಬಿಟ್ಟು ಮ್ಯಾಲೆ ತಗಡಿನ ಪಟ್ಟಿ ಮುಚ್ಚಿಬಿಡ್ರಿ. ಅವರವರ ಗ್ವಾಡಿ ಅವರವರಿಗೆ ಇರ್ತೈತಿ, ನೀರೂ ಇಳಿಯಂಗಿಲ್ಲ. ಪ್ಲಿಂಥ್ ಬೀಮ್ ಮಾತ್ರ ಬ್ಯಾರೆ ಬ್ಯಾರೆ ಇರಲಿ, ಪೈಲ್ ಕ್ಯಾಪ್ ಒಂದ. ಪಾಯಾ ಕೆಲಸ ಬ್ಯಾಸಿಗ್ಯಾಗ ಮುಗಿಸ್ರಿ, ಎರಿ ಒಣಗಿದಾಗ ಗುಂಡಿ ನಿಲ್ತಾವು. ಮಳಿ ಬಿದ್ದ ಮ್ಯಾಲೆ ನಮ್ಮನ್ನ ಕರೀಬ್ಯಾಡ್ರಿ, ಟ್ರ್ಯಾಕ್ಟರ್ ನಿಮ್ಮ ಜಾಗಕ್ಕ ಬರಂಗಿಲ್ಲ.